ಕೂಲಿಂಗ್ ಪೇಪರಿನಿಂದ ಕರೆಂಟಿನ ಗಾಜಿನವರೆಗೆ

ಜೆ.ಸಿ. ರಸ್ತೆಯ ಅಡ್ಡರಸ್ತೆಯೊಂದರ ಅಂಗಡಿಗೆ ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದಲ್ಲಿ. ಕಾರಿನ ಗಾಜು ಎಷ್ಟು ಕಪ್ಪೋ ಒಳಗೆ ಕೂತವರು ಅಷ್ಟು ದೊಡ್ಡವರು ಎಂದು ಬೆಂಗಳೂರು ನಂಬಿದ್ದ ಕಾಲ ಅದು. ಮಾರುತಿ 800 ಬೀದಿಬೀದಿಯಲ್ಲಿತ್ತು. ಝೆನ್, ಎಸ್ಟೀಮ್ ಬಂದಿದ್ದವು. ಸುಮೋ ಆಗತಾನೇ ಹೆಸರು ಮಾಡುತ್ತಿತ್ತು. ಟೌನ್‌ಹಾಲ್ ಕಡೆಯಿಂದ ಮಿನರ್ವ ಸರ್ಕಲ್‌ವರೆಗೆ ಸೀಟ್ ಕವರು, ಸ್ಟೀರಿಯೊ, ಮ್ಯಾಟು, ಹಾರನ್ನುಗಳ ಅಂಗಡಿ ಸಾಲು. ಶೋರೂಮಿನಿಂದ ಹೊರಟ ಹೊಸ ಕಾರು ದೇವಸ್ಥಾನದಲ್ಲಿ ಪೂಜೆ ಮುಗಿಸಿ ನೇರವಾಗಿ ನಮ್ಮ ರಸ್ತೆಗೆ ಬರುತ್ತಿತ್ತು, ಬಾನೆಟ್ಟಿನ ಮೇಲಿನ ಹಾರವನ್ನೂ ತೆಗೆದಿರುತ್ತಿರಲಿಲ್ಲ. ಇಳಿದವರ ಮೊದಲ ಮಾತು, "ಕೂಲಿಂಗ್ ಪೇಪರ್ ಹಾಕಿ, ಫುಲ್ ಬ್ಲ್ಯಾಕ್."

ನನ್ನ ಉಸ್ತಾದ್ ಹೆಚ್ಚು ಮಾತಾಡುವವರಲ್ಲ. "ಗಾಳಿ ಬಿಡಬೇಡ, ಧೂಳು ಬಿಡಬೇಡ, ಬ್ಲೇಡಿಗೆ ಜೋರು ಕೊಡಬೇಡ." ಅವರು ಬಾಯಿಬಿಟ್ಟು ಕಲಿಸಿದ್ದು ಇಷ್ಟೇ, ಉಳಿದದ್ದನ್ನು ಅವರ ಕೈ ನೋಡಿ ಕಲಿಯಬೇಕಿತ್ತು. ಗಾಜಿನ ಹೊರಮೈಗೆ ಸೋಪಿನ ನೀರು ಹೊಡೆದು, ರೋಲಿನಿಂದ ಕತ್ತರಿಸಿದ ಫಿಲ್ಮನ್ನು ಅದರ ಮೇಲೆ ಹರಡಿ, ಅಂಚು ನೋಡಿಕೊಂಡು ಕಟರ್ ಎಳೆಯುವುದು. ಬೆನ್ನಿಗಿರುವ ತೆಳು ಹಾಳೆ ಬಿಡಿಸಿ, ಗೋಂದಿನ ಮೈಯನ್ನು ಗಾಜಿನ ಒಳಬದಿಗೆ ಕೂರಿಸುವುದು. ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರನ್ನು ತಳ್ಳುವುದು. ಮಕ್ಕಳ ಶಾಂಪೂ ಬೆರೆಸಿದ ನೀರಾದರೆ ಫಿಲ್ಮ್ ಗಾಜಿನ ಮೇಲೆ ಸಲೀಸಾಗಿ ಜಾರುತ್ತದೆ, ಸರಿಯಾದ ಜಾಗಕ್ಕೆ ತರಲು ಸಮಯ ಸಿಗುತ್ತದೆ. ಬಾಗಿಲಿನ ಗಾಜನ್ನು ಯಾರು ಬೇಕಾದರೂ ಆರು ತಿಂಗಳಲ್ಲಿ ಕಲಿತಾರು. ಹಿಂದಿನ ಗಾಜು ಹಾಗಲ್ಲ. ಅದು ಎರಡೂ ದಿಕ್ಕಿಗೆ ಬಾಗಿರುತ್ತದೆ, ಫಿಲ್ಮ್ ಚಪ್ಪಟೆ ಹಾಳೆ. ಹೀಟ್ ಗನ್ ಹಿಡಿದು, ಏಳುವ ಸುಕ್ಕುಗಳನ್ನು ಒಂದೊಂದಾಗಿ ಕುಗ್ಗಿಸುತ್ತ ಆ ಬಾಗಿಗೆ ಒಗ್ಗಿಸಬೇಕು. ಶಾಖ ಕಡಿಮೆಯಾದರೆ ಸುಕ್ಕು ಉಳಿಯಿತು, ಒಂದೇ ಕಡೆ ಹೆಚ್ಚಾದರೆ ಗಾಜೇ ಸೀಳಿತು. ಈ ಕೆಲಸದಲ್ಲಿ ನನ್ನ ಉಸ್ತಾದರಿಗೆ ಸರಿಸಮ ಇನ್ನೊಬ್ಬರು ಆ ರಸ್ತೆಯಲ್ಲಿರಲಿಲ್ಲ ಎಂದು ಇವತ್ತಿಗೂ ಹೇಳುತ್ತೇನೆ. ಕೆಲಸ ಮುಗಿದ ಮೇಲೆ ಗಿರಾಕಿಗೆ ಅವರು ಹೇಳುತ್ತಿದ್ದುದೂ ಒಂದೇ ಮಾತು: "ಮೂರು ದಿನ ಗ್ಲಾಸ್ ಇಳಿಸಬೇಡಿ ಸಾರ್."

ಆಗಿನ ಮಾಲು ಹೆಚ್ಚಿನದು ಬರೀ ಬಣ್ಣ ಹಾಕಿದ ಫಿಲ್ಮ್. ಕೆಲವೇ ವರ್ಷಗಳ ಬಿಸಿಲಿಗೆ ಕಪ್ಪು ಹೋಗಿ ನೇರಳೆಯಾಗುತ್ತಿತ್ತು, ಗೋಂದು ಸತ್ತು ಗುಳ್ಳೆ ಏಳುತ್ತಿತ್ತು. ಹಳೆಯ ಸುಮೋಗಳ ಹಿಂದಿನ ಗಾಜು ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳ್ಳೆಯ ಮಾಲು ಬೇಕೆಂದವರಿಗೆ ತ್ರೀಎಂ ಇತ್ತು, ಆಗಿನ ಔರಂಗಾಬಾದಿನಲ್ಲಿ ತಯಾರಾಗುತ್ತಿದ್ದ ನಮ್ಮ ದೇಶದ್ದೇ ಗಾರ್ವಾರೆ ಇತ್ತು.

ಕಪ್ಪಾದಷ್ಟೂ ತಂಪು ಎಂಬ ನಂಬಿಕೆ ಗಿರಾಕಿಗಳಲ್ಲಿ ಎಷ್ಟು ಬೇರೂರಿತ್ತೆಂದರೆ ಅದನ್ನು ಕೀಳಲು ನಾವು ಅಂಗಡಿಯಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದೆವು. ಒಳಗೆ ಶಾಖ ಕೊಡುವ ಕೆಂಪು ಬಲ್ಬು, ಮುಂದೆ ಬೇರೆ ಬೇರೆ ಫಿಲ್ಮ್ ಹಾಕಿದ ಗಾಜಿನ ತುಂಡುಗಳು. ಗಾಜಿನ ಈಚೆಗೆ ಅಂಗೈ ಹಿಡಿದು ನೋಡಿ ಎನ್ನುತ್ತಿದ್ದೆವು. ಅಗ್ಗದ ಕಡುಗಪ್ಪು ಫಿಲ್ಮಿನ ಹಿಂದೆ ಕೈ ಸುಡುತ್ತಿತ್ತು. ಮುಂದೆ ಬಂದ ಸೆರಾಮಿಕ್ ಫಿಲ್ಮ್ ಹೆಚ್ಚುಕಡಿಮೆ ಬಿಳಿ ಗಾಜಿನಂತೆ ಕಂಡರೂ ಅದರ ಹಿಂದೆ ಕೈಗೆ ಅಷ್ಟು ಶಾಖ ತಾಗುತ್ತಿರಲಿಲ್ಲ. ಕಾರಣ ಸರಳ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಬರುವುದು ಕಣ್ಣಿಗೆ ಕಾಣದ ಅವಗೆಂಪು ಕಿರಣದಲ್ಲಿ. ಬಣ್ಣದ ಫಿಲ್ಮ್ ಬೆಳಕನ್ನು ಹೀರಿಕೊಂಡು ತಾನೇ ಕಾದು ಆ ಶಾಖದ ಒಂದು ಪಾಲನ್ನು ಒಳಕ್ಕೇ ಬಿಡುತ್ತದೆ. ಅವಗೆಂಪನ್ನು ತಡೆಯುವ ಫಿಲ್ಮಿಗೆ ಕಪ್ಪಗಿರುವ ಅಗತ್ಯವೇ ಇಲ್ಲ. ಪೆಟ್ಟಿಗೆಯ ಮುಂದೆ ಕೈ ಹಿಡಿದು ತಲೆದೂಗಿದವರಲ್ಲೂ ಎಷ್ಟೋ ಜನ ಕೊನೆಗೆ ಕೇಳುತ್ತಿದ್ದುದು ಕಪ್ಪನ್ನೇ. ಅವರಿಗೆ ಬೇಕಾಗಿದ್ದುದು ನೆರಳಲ್ಲ, ಮರೆ.

ಆ ಮರೆಯೇ ನ್ಯಾಯಾಲಯದ ಮೆಟ್ಟಿಲು ಹತ್ತಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಮೊದಲಿಂದಲೂ ಇತ್ತು: ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಬದಿಯ ಗಾಜುಗಳಲ್ಲಿ ಕನಿಷ್ಠ ಶೇ. 50 ಬೆಳಕು ಹಾಯಬೇಕು. ರಸ್ತೆಯಲ್ಲಿ ಅದನ್ನು ಅಳೆಯುವವರು ಅಪರೂಪ. ಅವಿಷೇಕ್ ಗೋಯೆಂಕಾ ಎಂಬವರು ಸಲ್ಲಿಸಿದ ಅರ್ಜಿಯ ಮೇಲೆ 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರಿದ್ದ ಪೀಠ. ಕಾರ್ಖಾನೆಯಲ್ಲೇ ಬಣ್ಣ ಬೆರೆಸಿ ತಯಾರಿಸಿದ, ನಿಯಮದ ಅಳತೆಗೆ ಒಳಪಟ್ಟ ಗಾಜು ಇರಬಹುದು. ಆಮೇಲೆ ಅಂಟಿಸುವ ಫಿಲ್ಮ್ ಎಷ್ಟು ಶೇಕಡಾದ್ದಾದರೂ ಕೂಡದು. ಜಾರಿಗೆ ಬಂದದ್ದು ಮೇ 4ರಿಂದ. ತೀರ್ಪಿಗೂ ಜಾರಿಗೂ ನಡುವೆ ಒಂದೇ ವಾರ.

ಆ ಮೇ ತಿಂಗಳನ್ನು ನಮ್ಮ ರಸ್ತೆಯ ಯಾರೂ ಮರೆಯಲಾರರು. ಹಾಕಿಸಲು ಬರುತ್ತಿದ್ದವರೇ ಕೀಳಿಸಲು ಸಾಲು ನಿಂತರು. ಸಿಗ್ನಲ್ಲುಗಳಲ್ಲಿ ಪೊಲೀಸರು ಕಾರು ನಿಲ್ಲಿಸಿ ಅಲ್ಲೇ ಕೀಳಿಸುತ್ತಿದ್ದರು. ಅವಸರದಲ್ಲಿ ಎಳೆದರೆ ಫಿಲ್ಮ್ ಚಿಂದಿಯಾಗಿ ಬಂದು ಗೋಂದು ಗಾಜಿನಲ್ಲೇ ಉಳಿಯುತ್ತದೆ. ಅದನ್ನು ಬ್ಲೇಡಿನಿಂದ ಕೆರೆದರೆ ಹಿಂದಿನ ಗಾಜಿನ ಮಂಜು ಆರಿಸುವ ಸಣ್ಣ ಗೆರೆಗಳು ಕಿತ್ತುಹೋಗುತ್ತವೆ. ಗಾಜಿಗೆ ಹೊರಗಿನಿಂದ ಕಪ್ಪು ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ನಿಲ್ಲಿಸಿ, ಗೋಂದು ಮೆದುವಾದ ಮೇಲೆ ಮೇಲಿನ ಮೂಲೆಯಿಂದ ನಿಧಾನವಾಗಿ ಎಳೆದರೆ ಹಾಳೆ ಇಡಿಯಾಗಿ ಬರುತ್ತದೆ. ಹಾಕುವಾಗಿನ ತಾಳ್ಮೆಯೇ ಕೀಳುವಾಗಲೂ ಬೇಕು. ಕಿತ್ತ ಫಿಲ್ಮು ಅಂಗಡಿಗಳ ಮುಂದೆ ರಾಶಿ ಬಿದ್ದಿತ್ತು. ಮೊದಲ ವಾರಗಳಲ್ಲಿ ಕೈತುಂಬ ಕೆಲಸವಿತ್ತು, ಆಮೇಲೆ ಏನೂ ಇರಲಿಲ್ಲ. ನನ್ನ ಜೊತೆಗೆ ಕಲಿತ ಹುಡುಗರಲ್ಲಿ ಕೆಲವರು ಆಟೋ ಓಡಿಸಲು ಹೋದರು, ಕೆಲವರು ತಮಿಳುನಾಡಿನ ತಮ್ಮ ಊರುಗಳಿಗೆ ವಾಪಸಾದರು. ಆ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಕಪ್ಪು ಗಾಜು, ಪರದೆಗಳ ಬಸ್ಸಿನಲ್ಲಿ ನಡೆದ ಘೋರ ಕೃತ್ಯದ ನಂತರ, ಹಳೆಯ ಕಪ್ಪು ಫಿಲ್ಮ್ ಮತ್ತೆ ಬೇಕೆಂದು ಕೇಳುವ ಬಾಯಿ ನನಗಿರಲಿಲ್ಲ. ತೀರ್ಪು ಹೊಟ್ಟೆಗೆ ಹೊಡೆಯಿತು. ಆದರೆ ಒಳಗೆ ಏನಾಗುತ್ತಿದೆ ಎಂಬುದು ಹೊರಗಿನವರಿಗೆ ಕಾಣಬೇಕು ಎಂಬ ಅದರ ಮಾತು ಸರಿಯಾದದ್ದು. ಬಿಳಿ ಸೆರಾಮಿಕ್ ಫಿಲ್ಮನ್ನೂ ಕಡುಗಪ್ಪನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದ್ದಷ್ಟೇ ನನಗೆ ಈಗಲೂ ಒಪ್ಪಿಗೆಯಾಗದ ಸಂಗತಿ.

ಉಳಿದವರು ಬಣ್ಣ ಕಾಪಾಡುವ ಪಿಪಿಎಫ್ ಕಡೆ ತಿರುಗಿದೆವು. ಬಾನೆಟ್ಟು, ಬಂಪರಿಗೆ ಹಾಕುವ ದಪ್ಪ ಪಾರದರ್ಶಕ ಫಿಲ್ಮ್ ಅದು. ಅದೇ ಸೋಪಿನ ನೀರು, ಅದೇ ರಬ್ಬರ್ ಪಟ್ಟಿ. ಕತ್ತರಿಸುವುದು ಮಾತ್ರ ಈಗ ಯಂತ್ರ. ಕಾರಿನ ಮಾಡೆಲ್ ಆರಿಸಿದರೆ ಕಂಪ್ಯೂಟರಿನಲ್ಲಿರುವ ನಕ್ಷೆಯಂತೆ ಪ್ಲಾಟರ್ ಕತ್ತರಿಸಿ ಕೊಡುತ್ತದೆ. ಕೆಲಸವೂ ನಮ್ಮ ರಸ್ತೆ ಬಿಟ್ಟು ಊರ ಹೊರವಲಯದ ಎಸಿ ಸ್ಟುಡಿಯೋಗಳಿಗೆ ಹೋಯಿತು.

ಕರೆಂಟಿನಿಂದ ಬಣ್ಣ ಬದಲಿಸುವ ಗಾಜನ್ನು ನಾನು ಮೊದಲು ಕಂಡದ್ದು ಕಿಟಕಿಯಲ್ಲಲ್ಲ, ಡ್ರೈವರ್ ತಲೆಯ ಬಳಿಯ ಕನ್ನಡಿಯಲ್ಲಿ. ಹಿಂದಿನ ಗಾಡಿಯ ದೀಪ ಬಿದ್ದರೆ ಕನ್ನಡಿ ತಾನೇ ಮಂಕಾಗುತ್ತಿತ್ತು. ಅಮೆರಿಕದ ಜೆಂಟೆಕ್ಸ್ ಕಂಪನಿ 1987ರಲ್ಲೇ ಇಂಥದ್ದನ್ನು ತಂದಿತ್ತು, ದುಬಾರಿ ಕಾರುಗಳ ಜೊತೆ ನಮ್ಮ ಅಂಗಡಿ ಮುಂದಕ್ಕೆ ಬರುವ ಹೊತ್ತಿಗೆ ಬಹಳ ತಡವಾಗಿತ್ತು. ಇದರ ಬೀಜ ಇನ್ನೂ ಹಿಂದಿನದು. 1969ರಲ್ಲಿ, ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ಮೂಲದ ವಿಜ್ಞಾನಿ ಸತ್ಯೇನ್ ದೇಬ್, ಟಂಗ್‌ಸ್ಟನ್ ಆಕ್ಸೈಡಿನ ತೆಳು ಪದರ ವಿದ್ಯುತ್ತಿಗೆ ನೀಲಿಯಾಗುವುದನ್ನು ತೋರಿಸಿದ್ದರು. ನಮಗೆ ಫಿಲ್ಮ್ ನಿಷೇಧವಾದ 2012ರಲ್ಲೇ ಏರ್ ಇಂಡಿಯಾಕ್ಕೆ ಡ್ರೀಮ್‌ಲೈನರ್ ವಿಮಾನ ಬಂತು. ಅದರ ಕಿಟಕಿಗೆ ಮುಚ್ಚಳವೇ ಇಲ್ಲ. ಗುಂಡಿ ಒತ್ತಿದರೆ ಗಾಜು ನಿಧಾನವಾಗಿ ಕಡುನೀಲಿಯಾಗುತ್ತದೆ. ನಾವು ಕೈಯಲ್ಲಿ ಅಂಟಿಸುತ್ತಿದ್ದ ನೆರಳು ಅಲ್ಲಿ ಗುಂಡಿಯ ಮಾತು ಕೇಳುತ್ತಿತ್ತು.

ಕನ್ನಡಿಯ ನಂತರ ಕಾರಿನಲ್ಲಿ ಕರೆಂಟಿನ ಗಾಜು ಏರಿದ್ದು ಚಾವಣಿಗೆ. 2005ರ ಫೆರಾರಿ ಸೂಪರ್‌ಅಮೆರಿಕಾ, 2011ರ ಮರ್ಸಿಡಿಸ್ ಎಸ್‌ಎಲ್‌ಕೆ, ಈಚೆಗೆ ಪೋರ್ಷೆ ಟೈಕಾನ್, ಬಿಎಂಡಬ್ಲ್ಯು ಐಎಕ್ಸ್, ಎಲ್ಲದರಲ್ಲೂ ಕರೆಂಟಿಗೆ ಬದಲಾಗುವುದು ತಲೆಯ ಮೇಲಿನ ಗಾಜು. ಇದರಲ್ಲಿ ಆಶ್ಚರ್ಯವಿಲ್ಲ. ಚಾವಣಿಯ ಮೂಲಕ ಯಾರೂ ರಸ್ತೆ ನೋಡುವುದಿಲ್ಲ. ಅದು ಬಾಗಿಲಿನ ಗಾಜಿನಂತೆ ಮೇಲೆ ಕೆಳಗೆ ಓಡುವುದಿಲ್ಲ.

ಈ ಓಡಾಟದ ಕಷ್ಟ ನನಗೆ ಗೊತ್ತಾದದ್ದು ಅಂಗಡಿಯಲ್ಲಿ. ಆಫೀಸುಗಳ ಮೀಟಿಂಗ್ ರೂಮಿಗೆ ಸ್ವಿಚ್ ಫಿಲ್ಮ್ ಅಂಟಿಸುವ ಕೆಲಸ ಹೊರವರ್ತುಲ ರಸ್ತೆಯ ಕಡೆಯಿಂದ ಬರತೊಡಗಿತ್ತು. ಸ್ವಿಚ್ ಹಾಕಿದರೆ ತಿಳಿ, ಆರಿಸಿದರೆ ಹಾಲುಬಿಳುಪು. ಅದನ್ನು ನೋಡಿದವರು ಕಾರಿಗೂ ಹಾಕಿಕೊಡಿ ಎಂದು ಬೆನ್ನು ಹತ್ತಿದರು. ಗಿರಾಕಿಯ ಕಾರಿಗೆ ಕೈ ಹಾಕುವ ಮೊದಲು ಗುಜರಿಯಿಂದ ತಂದ ಬಾಗಿಲೊಂದಕ್ಕೆ ಹಾಕಿ ನೋಡಿದೆವು. ಫಿಲ್ಮಿನ ಅಂಚಿನಲ್ಲಿ ತಾಮ್ರದ ಪಟ್ಟಿ, ಅದಕ್ಕೆ ಎರಡು ವೈರು. ಕಾರಿನ 12 ವೋಲ್ಟ್ ಇದಕ್ಕೆ ಸಾಲದು. ಅದನ್ನು ಹತ್ತಾರು ವೋಲ್ಟಿನ ಎಸಿ ಮಾಡುವ ಪುಟ್ಟ ಇನ್ವರ್ಟರ್ ಬೇಕು. ಗಾಜು ಇಳಿದು ಏರಿದಂತೆ ವೈರು ಬಾಗಿ ಬಾಗಿ ದಣಿಯಿತು. ಬಾಗಿಲಿನ ರಬ್ಬರು ತಾಮ್ರದ ಅಂಚನ್ನು ಸವೆಸಿತು. ಮಳೆನೀರು ಇಳಿಯುವ ದಾರಿಯೂ ಅದೇ ಬಾಗಿಲಿನೊಳಗೆ. ಇದಕ್ಕಿಂತ ದೊಡ್ಡ ದೋಷ ಕಂಡದ್ದು ರಾತ್ರಿ. ಸ್ವಿಚ್ ಹಾಕಿ ತಿಳಿಯಾಗಿದ್ದಾಗಲೂ ಓರೆಯಿಂದ ನೋಡಿದರೆ ಗಾಜಿನಲ್ಲಿ ಸಣ್ಣ ಮಂಜು, ಎದುರಿನ ದೀಪ ಬಿದ್ದರೆ ಬೆಳಕು ಹರಡಿಕೊಳ್ಳುತ್ತಿತ್ತು. ವೈರು ಕಿತ್ತರೆ ಗಾಜು ಪೂರ್ತಿ ಬಿಳುಪು. ಓಡುವ ಕಾರಿನಲ್ಲಿ ಹಾಗಾದರೆ ಡ್ರೈವರಿಗೆ ಬಲಗಡೆ ಏನೂ ಕಾಣದು. ಕಿಟಕಿಗೆ ಈ ಫಿಲ್ಮ್ ಹಾಕುವುದಿಲ್ಲ ಎಂದು ಆ ದಿನವೇ ತೀರ್ಮಾನಿಸಿದೆವು.

ಗಿರಾಕಿಗಳಿಗೆ ಎಲ್ಲ ಕರೆಂಟಿನ ಗಾಜೂ ಒಂದೇ, ಆದರೆ ಅವುಗಳ ಗುಣ ಬೇರೆ ಬೇರೆ. ನಾವು ಪರೀಕ್ಷಿಸಿದ್ದು ಪಿಡಿಎಲ್‌ಸಿ. ಪ್ಲಾಸ್ಟಿಕ್ ಪದರದೊಳಗೆ ದ್ರವ ಸ್ಫಟಿಕದ ಸಣ್ಣ ಹನಿಗಳು. ಕರೆಂಟ್ ಇಲ್ಲದಾಗ ಅಣುಗಳು ದಿಕ್ಕುಗೆಟ್ಟು ಬೆಳಕನ್ನು ಚದುರಿಸುತ್ತವೆ, ಕರೆಂಟ್ ಬಂದರೆ ಸಾಲುಗೂಡಿ ದಾರಿ ಬಿಡುತ್ತವೆ. ಮರೆ ಸಿಗುತ್ತದೆ, ಕಪ್ಪಾಗುವುದಿಲ್ಲ. ಚದುರಿದ ಬೆಳಕಿನ ಬಹುಪಾಲು ಒಳಕ್ಕೇ ಬರುವುದರಿಂದ ತಂಪೂ ಅಷ್ಟಕ್ಕಷ್ಟೇ. ಎಸ್‌ಪಿಡಿ ಎಂಬ ಇನ್ನೊಂದು ಬಗೆ ಕರೆಂಟ್ ಇಲ್ಲದಾಗ ಕಡುನೀಲಿ, ಕೊಟ್ಟಾಗ ತಿಳಿ. ಕೆಲವೇ ಕ್ಷಣಗಳಲ್ಲಿ ಬದಲಾಗುತ್ತದೆ. ಮರ್ಸಿಡಿಸ್ ಚಾವಣಿಯಲ್ಲಿದ್ದದ್ದು ಅದು. ದೇಬ್ ಅವರ ದಾರಿಯಲ್ಲಿ ಬಂದ ಎಲೆಕ್ಟ್ರೋಕ್ರೋಮಿಕ್ ಗಾಜಿಗೆ ಕೆಲವೇ ವೋಲ್ಟ್ ಸಾಕು. ಲಿಥಿಯಂ ಅಯಾನುಗಳು ಒಂದು ಪದರದಿಂದ ಇನ್ನೊಂದಕ್ಕೆ ಸರಿದಂತೆ ಬಣ್ಣ ಏರುತ್ತದೆ, ಇಳಿಯುತ್ತದೆ. ನಿಧಾನ, ಆದರೆ ಬಂದ ಬಣ್ಣ ಕರೆಂಟ್ ಇಲ್ಲದೆಯೂ ಬಹಳ ಹೊತ್ತು ನಿಲ್ಲುತ್ತದೆ. ನಿಜವಾದ ನೆರಳನ್ನೂ ಕೊಡುತ್ತದೆ. ಕಿಟಕಿಗೆ ಬಂದರೆ ಈ ಬಗೆ ಬರಲಿ ಎಂಬುದು ನನ್ನ ಆಸೆ.

ದ್ರವ ಸ್ಫಟಿಕದ ವಿದ್ಯೆ ಬೆಂಗಳೂರಿಗೆ ಹೊಸದಲ್ಲ ಎಂಬುದು ನಮ್ಮ ಕಸುಬಿನವರಿಗೇ ತಿಳಿಯದು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ 1977ರಲ್ಲಿ ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂದು ಜಗತ್ತಿಗೆ ಮೊದಲು ತೋರಿಸಿದರು. ಅದೇ ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವ ಸ್ಫಟಿಕ ಸಂಶೋಧನೆಗೆಂದೇ ಕೇಂದ್ರವೊಂದನ್ನು ಕಟ್ಟಿದರು. ಇಂದು ಅದು ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನಗಳ ಕೇಂದ್ರ. ಬೆಂಗಳೂರಿನ ವಿಜ್ಞಾನಿ ಜಿ.ಯು. ಕುಲಕರ್ಣಿ ಮತ್ತು ಸಂಗಡಿಗರು ಸ್ವಿಚ್ ಗಾಜಿನ ದುಬಾರಿ ಭಾಗಕ್ಕೇ ಕೈ ಹಾಕಿದರು. ಕರೆಂಟ್ ಹರಿಸುವ ಪಾರದರ್ಶಕ ಪದರಕ್ಕೆ ಇಂಡಿಯಂ ಎಂಬ ಅಪರೂಪದ ಲೋಹ ಬೇಕು. ಅದರ ಬದಲು, ಒಣಗುವಾಗ ಬಿರಿಯುವ ಲೇಪ ಬಳಿದು, ಆ ಬಿರುಕುಗಳಲ್ಲಿ ಲೋಹ ಕೂರಿಸಿ, ಲೇಪ ತೊಳೆದುಬಿಟ್ಟರೆ ಕಣ್ಣಿಗೆ ಕಾಣದ ಲೋಹದ ಬಲೆ ಗಾಜಿನ ಮೇಲೆ ಉಳಿಯುತ್ತದೆ. ಬಿರುಕು ಎಂದರೆ ನಮ್ಮ ಕಸುಬಿನಲ್ಲಿ ನಷ್ಟ. ಅದನ್ನೇ ಅಚ್ಚು ಮಾಡಿಕೊಂಡ ಈ ಬುದ್ಧಿಗೆ ನಾನು ತಲೆಬಾಗುತ್ತೇನೆ.

ಕಾನೂನೂ ನಿಂತಿಲ್ಲ. 100ನೇ ನಿಯಮದ ತಿದ್ದುಪಡಿ 2021ರ ಏಪ್ರಿಲ್ 1ರಿಂದ ಜಾರಿಯಾಗಿ, ಗಾಜಿನ ಜೊತೆಗೆ ಒಳಬದಿಗೆ ಪ್ಲಾಸ್ಟಿಕ್ ಪದರವಿರುವ 'ಸೇಫ್ಟಿ ಗ್ಲೇಜಿಂಗ್' ಕೂಡ ಒಪ್ಪಿತವಾಯಿತು. ಶೇ. 70 ಮತ್ತು 50ರ ಅಳತೆ ಮೀರದ ಫಿಲ್ಮಿಗೆ ದಂಡ ಹಾಕುವಂತಿಲ್ಲ ಎಂದು 2024ರಲ್ಲಿ ಕೇರಳ ಹೈಕೋರ್ಟು ಹೇಳಿತು. ಇಲ್ಲೊಂದು ಗುಣಾಕಾರ ನೆನಪಿಡಬೇಕು. ಕಾರ್ಖಾನೆಯಿಂದ ಬಂದ ಹಸಿರು ಛಾಯೆಯ ಗಾಜು ಶೇ. 75 ಬೆಳಕು ಬಿಡುವುದಾದರೆ, ಅದಕ್ಕೆ ಶೇ. 70ರ ಫಿಲ್ಮ್ ಹಾಕಿದರೆ ಒಟ್ಟು ಉಳಿಯುವುದು ಶೇ. 52.5 ಮಾತ್ರ. ಬದಿಯ ಗಾಜು ಕೂದಲೆಳೆಯಲ್ಲಿ ಪಾರಾಗುತ್ತದೆ, ಹಿಂದಿನ ಗಾಜು ಆಗುವುದಿಲ್ಲ.

ಗುಂಡಿಯಿಂದ ಬದಲಾಗುವ ಗಾಜಿಗೆ ಈ ಅಳತೆಯನ್ನು ಯಾವ ಗಳಿಗೆಯಲ್ಲಿ ಹಿಡಿಯಬೇಕು? ಓಡುವ ಕಾರಿನಲ್ಲಿ ಅತಿ ಕಪ್ಪಾದ ಗಳಿಗೆಯಲ್ಲೇ ಹಿಡಿಯಬೇಕು. ಪೊಲೀಸರನ್ನು ಕಂಡೊಡನೆ ತಿಳಿಯಾಗಿ ಸಿಗ್ನಲ್ ದಾಟಿದೊಡನೆ ಕಪ್ಪಾಗುವ ಗಾಜು 2012ರ ಹಳೆಯ ಮರೆಯೇ ಹೊರತು ಬೇರೇನಲ್ಲ. ಕೇಂದ್ರ ಸಾರಿಗೆ ಸಚಿವಾಲಯ ಇದನ್ನು ನಿಯಮದಲ್ಲೇ ಬಿಡಿಸಿ ಬರೆಯಲಿ. ನಿಲ್ಲಿಸಿದ ಕಾರಿನ ಗಾಜು ಬಿಸಿಲಿಗೆ ಪೂರ್ತಿ ಕಪ್ಪಾಗಿ, ಎಂಜಿನ್ ಶುರುವಾದೊಡನೆ ತಾನಾಗಿ ತಿಳಿಯಾಗುವಂತೆ ಮಾಡಲು ಅಡ್ಡಿಯಿಲ್ಲ. ಕಾರು ಕಾದ ಕಾವಲಿಯಾಗುವುದು ನಿಂತಾಗಲೇ. ಜೊತೆಗೆ, ಹೀಟ್ ಗನ್ ಹಿಡಿದ ಹುಡುಗರಿಗೆ ವೈರು, ಇನ್ವರ್ಟರ್, ಅಳತೆಯ ಮೀಟರುಗಳ ತರಬೇತಿ ನಮ್ಮ ಐಟಿಐಗಳಲ್ಲಿ ಸಿಗಲಿ. ಗಾಜಿನ ಬಾಗು ಬಲ್ಲ ಕೈಗಳಿಗೆ ಇದು ಕಷ್ಟದ ಪಾಠವಲ್ಲ.

ಕಾರಿನ ಕಿಟಕಿಗೆ ಸ್ವಿಚ್ ಫಿಲ್ಮ್ ಹಾಕಿಕೊಡುತ್ತೇವೆ ಎನ್ನುವವರು ಈಗ ಎಲ್ಲೆಲ್ಲೂ ಇದ್ದಾರೆ. ಹಾಕಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಅತಿ ಕಪ್ಪಿನಲ್ಲಿ, ಗಾಜೂ ಸೇರಿ, ಎಷ್ಟು ಶೇಕಡಾ ಬೆಳಕು ಹಾಯುತ್ತದೆ? ವೈರು ಕಿತ್ತರೆ ಗಾಜು ತಿಳಿಯಾಗುತ್ತದೋ ಮರೆಯಾಗುತ್ತದೋ? ಭಾರತೀಯ ಮಾನಕದ ಪ್ರಮಾಣಪತ್ರ ಎಲ್ಲಿ? ಮೂರಕ್ಕೂ ಉತ್ತರ ಕಾಗದದ ಮೇಲೆ ಸಿಗದಿದ್ದರೆ ಹಾಕಿಸಬೇಡಿ.