‘ಲಾ’ ಮತ್ತು ‘ರೀ’

ಭೂತಾನಿನ ಮಕ್ಕಳ ಇಂಗ್ಲಿಷಿಗೊಂದು ಬಾಲವಿದೆ. ‘ಗುಡ್ ಮಾರ್ನಿಂಗ್ ಮೇಡಂ ಲಾ’, ‘ಯೆಸ್ ಲಾ’, ‘ಐ ಫರ್ಗಾಟ್ ಲಾ’. ಜೋಂಗ್ಖಾ ಭಾಷೆಯಲ್ಲಿ ಹಿರಿಯರೆದುರು ಮಾತಿನ ಕೊನೆಗೆ ಸೇರಿಸುವ ಮರ್ಯಾದೆಯ ಅಕ್ಷರ ಅದು, ಇಂಗ್ಲಿಷಿಗೂ ಹತ್ತಿಕೊಂಡಿದೆ. ಪೂರ್ವದ ತ್ರಾಶಿಗಾಂಗ್ ಜಿಲ್ಲೆಯ ಶಾಲೆಯೊಂದರಲ್ಲಿ ನಾನು ಎರಡು ವರ್ಷ ಇಂಗ್ಲಿಷ್ ಕಲಿಸಿದೆ. ಚಳಿ ರೂಢಿಯಾಯಿತು. ಮೆಣಸಿನಕಾಯನ್ನೇ ತರಕಾರಿಯಂತೆ ಚೀಸ್‌ನಲ್ಲಿ ಬೇಯಿಸುವ ಎಮಾ ದತ್ಶಿಯೂ ರೂಢಿಯಾಯಿತು (ಖಾರದ ವಿಷಯದಲ್ಲಿ ಬಳ್ಳಾರಿಯವರಿಗೆ ಯಾರೂ ಪಾಠ ಹೇಳಬೇಕಿಲ್ಲ). ತಲೆಯಲ್ಲಿ ಉಳಿದದ್ದು ಈ ‘ಲಾ’.

‘ಇದನ್ನು ಮೊದಲು ಬಿಡಿಸಿ’ ಅಂದರು, ಭಾರತದಿಂದ ಹೋಗಿ ಅಲ್ಲೇ ಕೂದಲು ಬೆಳ್ಳಗಾದ ಹಿರಿಯ ಸಹೋದ್ಯೋಗಿಯೊಬ್ಬರು. ಅವರ ಆತಂಕಕ್ಕೆ ಕಾರಣವಿತ್ತು. ಅಲ್ಲಿ ಇಂಗ್ಲಿಷ್ ಬರೀ ಒಂದು ವಿಷಯವಲ್ಲ. ಗಣಿತ, ವಿಜ್ಞಾನ ಎಲ್ಲ ಅದರಲ್ಲೇ. ಮೊದಮೊದಲು ಪಠ್ಯಪುಸ್ತಕಗಳು ಭಾರತದಿಂದ ಹೋಗುತ್ತಿದ್ದರಿಂದ ಭೂತಾನಿನ ಶಾಲೆಗಳು ಹಿಂದಿಯಲ್ಲಿ ನಡೆಯುತ್ತಿದ್ದವು. ಮೂರನೆಯ ದೊರೆ ಜಿಗ್ಮೆ ದೋರ್ಜಿ ವಾಂಗ್ಚುಕ್ ಕಾಲದಲ್ಲಿ, 1960ರ ದಶಕದಲ್ಲಿ, ಇಂಗ್ಲಿಷ್ ಬಂತು. ಮೇಷ್ಟ್ರುಗಳು ಮಾತ್ರ ಭಾರತದಿಂದಲೇ ಹೋಗುತ್ತಿದ್ದರು, ಅವರಲ್ಲಿ ಕೇರಳದವರು ಬಹಳ. ಹೀಗಿರುವಾಗ ‘ಶುದ್ಧ’ ಇಂಗ್ಲಿಷ್ ಅಂದರೆ ಯಾರದ್ದು? ನನಗೆ ನಗು ಬರುತ್ತಿತ್ತು.

ಎಂಟನೇ ತರಗತಿಯ ಹುಡುಗಿಯೊಬ್ಬಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದೆ. ‘ಲಾ’ ಇಲ್ಲದೆ ಮಾತಾಡು ಎಂದು ಅವಳಿಗೆ ಯಾರೋ ತಾಕೀತು ಮಾಡಿದ್ದರು. ಎರಡು ವಾಕ್ಯಕ್ಕೆ ನಿಂತುಬಿಟ್ಟಳು. ಯಾಕೆ ಅಂತ ಕೇಳಿದರೆ, ‘ಅದಿಲ್ಲದಿದ್ದರೆ ನಿಮ್ಮನ್ನು ಬೈದ ಹಾಗಾಗುತ್ತೆ ಲಾ’ ಅಂದಳು.

ನನಗೆ ಇನ್ನೇನೂ ವಿವರಣೆ ಬೇಕಿರಲಿಲ್ಲ. ಗಾಂಧಿನಗರದ ನಮ್ಮ ಮನೆಯಲ್ಲಿ ಅಪ್ಪ ಬ್ಯಾಂಕಿನವರ ಜೊತೆ ಫೋನಿನಲ್ಲಿ ‘ಯೆಸ್ ರೀ, ಟುಮಾರೋ ಕಮಿಂಗ್ ರೀ’ ಅನ್ನುತ್ತಾರೆ. ಪಕ್ಕದ ಮನೆಯವರು ತೆಲುಗಿನ ‘ಅಂಡಿ’ ಹಚ್ಚುತ್ತಾರೆ. 1953ರವರೆಗೆ ಮದ್ರಾಸಿಗೆ ಸೇರಿದ್ದ ಊರು ನಮ್ಮದು. ಒಂದೇ ಕಟ್ಟೆಯ ಮೇಲೆ ಕನ್ನಡ, ತೆಲುಗು, ಉರ್ದು ಕೂತಿರುತ್ತವೆ. ಅಪ್ಪನಿಗೆ ‘ರೀ’ ಬಿಟ್ಟು ಇಂಗ್ಲಿಷ್ ಮಾತಾಡಿ ಅಂದರೆ ಅವರು ಫೋನನ್ನೇ ಇಟ್ಟುಬಿಡುತ್ತಾರೆ. ಈಗ ಪಿಎಚ್‌ಡಿಗೆಂದು ಬ್ರಜ್ ಕಚ್ರು ಅವರನ್ನು ಓದುವಾಗ, ಇಂಗ್ಲಿಷ್ ಎಂಬುದನ್ನು ಅವರು ಬಹುವಚನದಲ್ಲಿ ಕಂಡದ್ದು ನಮ್ಮ ಹಾಲ್‌ನಲ್ಲಿ ಕೂತೇ ಇರಬೇಕು ಅನ್ನಿಸುತ್ತದೆ.

ಬರವಣಿಗೆಯಲ್ಲಿ ಬೇಡ, ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಮಾತಿನಲ್ಲಿ ಇರಲಿ ಅಂದೆ. ಸ್ಪರ್ಧೆಯಲ್ಲಿ ಅವಳು ‘ಲಾ’ ಹಚ್ಚಿಯೇ ಮಾತಾಡಿದಳು, ಎಲ್ಲೂ ತಡವರಿಸದೆ. ಎರಡನೇ ಬಹುಮಾನ ಬಂತು. ಮೊದಲನೆಯದು ಕೈತಪ್ಪಿದ್ದು ಆ ಬಾಲದಿಂದಲೇ ಎಂದು ತೀರ್ಪುಗಾರರೊಬ್ಬರು ಹೇಳಿದರು. ಅವಳು ಅತ್ತಳು. ನನಗೂ ಸಂಕಟವಾಯಿತು, ಆದರೆ ಮಾತು ಬದಲಿಸಲಿಲ್ಲ. ಮುಂದಿನ ವಾರ ತರಗತಿಯಲ್ಲಿ ಅವಳೇ ಮೊದಲು ಕೈ ಎತ್ತಿದಳು.

ವರ್ಷದ ಕೊನೆಯಲ್ಲಿ ಅವಳ ತಾಯಿ ಬೆಟ್ಟ ಇಳಿದು ಶಾಲೆಗೆ ಬಂದರು. ಅವರಿಗೆ ಗೊತ್ತಿದ್ದದ್ದು ಪೂರ್ವ ಭೂತಾನಿನ ಮನೆಮಾತಾದ ತ್ಸಾಂಗ್ಲಾ. ಜೋಂಗ್ಖಾ ಕೂಡ ಅಷ್ಟಕ್ಕಷ್ಟೆ. ನಡುವೆ ಮಗಳೇ ದುಭಾಷಿ. ಗಣಿತದಲ್ಲಿ ಅಂಕ ತೀರಾ ಕಡಿಮೆಯಾಗಿದೆ, ಮನೆಯಲ್ಲಿ ಓದಿಸಬೇಕು ಎಂದು ನಾನು ಬಿಗಿಯಾಗಿಯೇ ಇಂಗ್ಲಿಷಿನಲ್ಲಿ ಹೇಳಿದೆ. ಮಗಳು ತ್ಸಾಂಗ್ಲಾದಲ್ಲಿ ಏನೋ ಅಂದಳು. ತಾಯಿಯ ಮುಖ ಅರಳಿತು. ಒಣಮೆಣಸಿನಕಾಯಿಯ ಪೊಟ್ಟಣವನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದು, ತಮಗೆ ಬರುತ್ತಿದ್ದ ಒಂದೇ ಒಂದು ಇಂಗ್ಲಿಷ್ ಮಾತು ಆಡಿದರು: ‘ಥ್ಯಾಂಕ್ಯೂ ಲಾ.’