ಹಿನಕಲ್‌ನ ಅತ್ತಿಗೆ ಮನೆ ಸೇಬಿನ ಬ್ರೆಡ್ಡು

ನಮ್ಮ ಕಡೆ ಬ್ರೆಡ್ಡು ಅಂದರೆ ಜ್ವರದವರ ಊಟ. ಸೇಬೂ ಅಷ್ಟೆ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ನೋಡಲು ಬರುವವರ ಕೈಯಲ್ಲಿ ಒಂದು ಪೌಂಡು ಬ್ರೆಡ್ಡೋ ಒಂದು ಕೇಜಿ ಸೇಬೋ ಇದ್ದೇ ಇರುತ್ತದೆ. ಚಿಕ್ಕವಳಿದ್ದಾಗ ಸೇಬು ತಿನ್ನುವ ಆಸೆಗೆ ನಾನು ಹೊಟ್ಟೆನೋವೆಂದು ಎರಡು ದಿನ ಸ್ಕೂಲಿಗೆ ಚಕ್ಕರ್ ಹೊಡೆದು ಮಲಗಿದ್ದುಂಟು. ಅಮ್ಮ ಸೇಬು ಕೊಡಲಿಲ್ಲ, ಓಮದ ಕಷಾಯ ಕೊಟ್ಟಳು! ಈ ಎರಡು ಪಥ್ಯದ ಹೆಸರುಗಳನ್ನು ಒಂದೇ ಪಾತ್ರೆಗೆ ಸೇರಿಸಿ, ಗಟ್ಟಿಮುಟ್ಟಾಗಿರುವವರೂ ಕೇಳಿ ಹಾಕಿಸಿಕೊಳ್ಳುವಂಥ ಸಿಹಿ ತಿಂಡಿ ಮಾಡಬಹುದೆಂದು ನನಗೆ ತಿಳಿದದ್ದು ಕಳೆದ ಕಾರ್ತೀಕದಲ್ಲಿ, ಮೈಸೂರಿನ ಹಿನಕಲ್‌ನಲ್ಲಿರುವ ನಮ್ಮಣ್ಣನ ಮನೆಯಲ್ಲಿ.

ಅಣ್ಣನ ಮನೆಗೆ ನಾನು ಹೋಗದೆ ಮೂರು ವರ್ಷವಾಗಿತ್ತು. ಸುಳ್ಳೇಕೆ ಹೇಳಲಿ, ಕೋಪವಿತ್ತು. ನನ್ನ ಮಗಳ ಮದುವೆಗೆ ಅಣ್ಣ ಅತ್ತಿಗೆ ಇಬ್ಬರೂ ಬರಲಿಲ್ಲ. ಸೀರೆ, ಬೆಳ್ಳಿ ಬಟ್ಟಲು ನಮ್ಮ ಚಿಕ್ಕಪ್ಪನ ಮಗನ ಕೈಲಿ ಬಂದವು. ಧಾರೆಯ ಹೊತ್ತಿಗೆ ಬಂದವರೆಲ್ಲ, "ಎಲ್ಲಮ್ಮ ನಿಮ್ಮ ಅತ್ತಿಗೆ, ಕಾಣಿಸ್ತಿಲ್ಲ?" ಎಂದು ಕೇಳಿದಾಗ ನನಗೆ ನೆಲ ನೋಡುವಂತಾಗಿತ್ತು. ವಿಚಿತ್ರ ನೋಡಿ, ಬಾರದವರು ಇಬ್ಬರು. ಆದರೆ ಕೋಪ ಬಂದದ್ದು ಅತ್ತಿಗೆಯೊಬ್ಬರ ಮೇಲೆ. ತವರಿನಲ್ಲಿ ಏನು ತಪ್ಪಾದರೂ ನಮ್ಮ ಕಣ್ಣಿಗೆ ಅತ್ತಿಗೆಯೇ ಅಲ್ಲವೆ ಬೀಳುವುದು!

ಅಣ್ಣನ ಬಲಗಾಲಿನ ಎರಡು ಬೆರಳು ತೆಗೆದರಂತೆ, ಸಕ್ಕರೆ ಕಾಯಿಲೆಯ ಹುಣ್ಣಂತೆ ಎಂಬ ಸುದ್ದಿ ಬಂದ ಮೇಲೆ ಕೋಪ ಕಟ್ಟಿಕೊಂಡು ಮನೆಯಲ್ಲಿ ಕೂರಲಾಗಲಿಲ್ಲ. ಅರಸೀಕೆರೆಯಿಂದ ರೈಲು ಹತ್ತಿದೆ. ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರ ದಾಟಿ ಮೈಸೂರು. ದಸರಾ ಗದ್ದಲ ಮುಗಿದು ಊರು ಉಸಿರು ಬಿಡುತ್ತಿತ್ತು. ದೇವರಾಜ ಮಾರುಕಟ್ಟೆಗೆ ಹೋಗಿ, ಎಲ್ಲರಂತೆ ನಾನೂ ಒಂದು ಕೇಜಿ ಸೇಬು ತೂಗಿಸಿಕೊಂಡು ಸಿಟಿ ಬಸ್ಸು ಹಿಡಿದೆ.

ಹಿನಕಲ್ ಇರುವುದು ಹುಣಸೂರು ರಸ್ತೆಯಲ್ಲಿ. ಅಣ್ಣ ಅಲ್ಲಿ ಮನೆ ಕಟ್ಟಿಸಿದ ಹೊಸದರಲ್ಲಿ, "ಅಷ್ಟು ದೂರ ಹೊಲದ ಮಧ್ಯೆ ಯಾರೋ ಇರ್ತಾರೆ?" ಎಂದು ನಮ್ಮಮ್ಮ ಬೈದಿದ್ದಳು. ಈಗ ಮೈಸೂರು ಎಲ್ಲಿ ಮುಗಿಯಿತು, ಹಿನಕಲ್ ಎಲ್ಲಿ ಶುರುವಾಯಿತು ಎಂದು ಬಸ್ಸಿನ ಕಿಟಕಿಯಿಂದ ಹೇಳಲಾಗದು. ವರ್ತುಲ ರಸ್ತೆ ಕೂಡುವಲ್ಲಿ ದೊಡ್ಡ ಮೇಲ್ಸೇತುವೆ ಎದ್ದು, ವಾಹನಗಳು ಊರಿನ ತಲೆಯ ಮೇಲೇ ಹಾರಿ ಹೋಗುತ್ತವೆ. ಆದರೆ ದೊಡ್ಡ ರಸ್ತೆ ಬಿಟ್ಟು ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ಹಳ್ಳಿ ಇನ್ನೂ ಇದೆ. ಮೂರಂತಸ್ತಿನ ಬಾಡಿಗೆ ಮನೆಗಳ ಸಂದಿಯಲ್ಲಿ ಹಂಚಿನ ಮನೆ, ಜಗುಲಿಯ ಮೇಲೆ ಅವರೆಕಾಯಿ ಸುಲಿಯುವ ಅಜ್ಜಿ, ಹಳೆಯ ಕಲ್ಲಿನ ನನ್ನೇಶ್ವರನ ಗುಡಿ. ಆ ದಿನ ಸೋಮವಾರ. ಕಾರ್ತೀಕ ಸೋಮವಾರವೆಂದು ಹೆಂಗಸರು ದೀಪದ ತಟ್ಟೆ ಹಿಡಿದು ಗುಡಿಯ ಕಡೆ ಹೊರಟಿದ್ದರು.

ಬಾಗಿಲು ತೆಗೆದ ಅತ್ತಿಗೆಯನ್ನು ನೋಡಿ ನಾನು ಸಿದ್ಧಮಾಡಿಕೊಂಡು ಹೋಗಿದ್ದ ಮಾತುಗಳು ಮರೆತವು. ಅರ್ಧಕ್ಕರ್ಧ ಇಳಿದುಹೋಗಿದ್ದರು. "ಬಾರೇ, ಕಾಲು ತೊಳ್ಕೊ. ಕಾಫಿ ಬೆರೆಸ್ತೀನಿ" ಎಂದರು, ನಿನ್ನೆ ತಾನೆ ಹೋಗಿ ಬಂದವಳೆಂಬಂತೆ. ನನ್ನ ಕೈಚೀಲ ತೆಗೆದುಕೊಂಡು ಒಳಗಿದ್ದ ಸೇಬು ನೋಡಿ ಜೋರಾಗಿ ನಕ್ಕುಬಿಟ್ಟರು. ಯಾಕೆಂದು ಅಡಿಗೆಮನೆಗೆ ಹೋದ ಮೇಲೆ ಗೊತ್ತಾಯಿತು. ಮರದಲ್ಲಿ, ಸ್ಟೀಲು ಬುಟ್ಟಿಯಲ್ಲಿ, ಫ್ರಿಜ್ಜಿನಲ್ಲಿ, ಎಲ್ಲಿ ನೋಡಿದರೂ ಸೇಬು! ನನ್ನದೂ ಸೇರಿ ಮೂವತ್ತೊಂದು. ಕೆಲವು ಸುಕ್ಕಾಗಿ ಅಜ್ಜಿಯ ಕೆನ್ನೆಯಂತಾಗಿದ್ದವು.

"ಅವರಿಗೆ ದಿನಕ್ಕೆ ಅರ್ಧ ಹಣ್ಣಿಗಿಂತ ಹೆಚ್ಚು ಬೇಡ ಅಂದಿದಾರೆ ಡಾಕ್ಟರು. ಬಂದೋರೆಲ್ಲ ಇದನ್ನೇ ತರ್ತಾರೆ. ಬೇಡ ಅನ್ನೋಕಾಗತ್ಯೆ? ಇವತ್ತು ಒಂದು ಬ್ರೆಡ್ಡು ಮಾಡೋಣ ಅಂತಿದ್ದೆ, ಒಳ್ಳೇದಾಯ್ತು ನೀನು ಬಂದಿದ್ದು. ಆ ಹೋಳು ಮಾಡಿಕೊಡು."

ಸೇಬು ಕೊಯ್ದ ಮೇಲೂ ಉಸಿರಾಡುತ್ತಲೇ ಇರುತ್ತದೆ, ಹೊರಗಿಟ್ಟಷ್ಟೂ ಬೇಗ ಹಿಟ್ಟುಹಿಟ್ಟಾಗುತ್ತದೆ. ಅದು ಬಿಡುವ ಗಾಳಿಗೆ ಪಕ್ಕದಲ್ಲಿಟ್ಟ ಬಾಳೆಹಣ್ಣೂ ಬೇಗ ಕಳಿಯುತ್ತದೆ. ಎರಡನ್ನೂ ಒಂದೇ ಬುಟ್ಟಿಯಲ್ಲಿ ಇಡಬೇಡಿ. ಹಾಗೆ ಹಿಟ್ಟಾದ ಹಣ್ಣನ್ನು ಹಾಗೇ ತಿನ್ನಲು ಮಕ್ಕಳು ಮೂತಿ ತಿರುಗಿಸುತ್ತಾರೆ, ಬ್ರೆಡ್ಡಿಗೆ ಮಾತ್ರ ಅಡ್ಡಿಯಿಲ್ಲ. ಕೊಳೆತ ಭಾಗವಿದ್ದರೆ ಆ ಹಣ್ಣನ್ನೇ ಬಿಟ್ಟುಬಿಡಿ. ಮೇಣದ ಹೊಳಪಿದ್ದರೆ ಉಗುರುಬೆಚ್ಚನೆ ನೀರಿನಲ್ಲಿ ಉಜ್ಜಿ ತೊಳೆಯಬೇಕು.

ನಮಗೆ ಸಿಕ್ಕುವ ಕೆಂಪು ಡೆಲಿಷಸ್ ಜಾತಿಯೂ, ಈ ಬಗೆಯ ದಿಢೀರ್ ಬ್ರೆಡ್ಡೂ ಅಮೆರಿಕದ ಕಡೆಯವೇ. ಅಲ್ಲಿಂದ ಬಂದು ಶಿಮ್ಲಾದಾಚೆಯ ಕೋಟಗಢದಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ 1910ರ ದಶಕದಲ್ಲಿ ಸಸಿ ತರಿಸಿ ನೆಟ್ಟ ಮೇಲೆ ಆ ಬೆಟ್ಟಗಳಲ್ಲಿ ಡೆಲಿಷಸ್ ಹಬ್ಬಿತು. ಒಂದು ಕಾಲಕ್ಕೆ ನಮ್ಮ ಬೆಂಗಳೂರಿನ ತೋಟಗಳಲ್ಲೂ ರೋಮ್ ಬ್ಯೂಟಿ ಎಂಬ ಸೇಬು ಬೆಳೆಯುತ್ತಿತ್ತು. ಈಗ ಆ ತೋಟಗಳಿದ್ದಲ್ಲಿ ಮನೆಗಳಿವೆ. ಡೆಲಿಷಸ್‌ನಲ್ಲಿ ಸಿಹಿ ಹೆಚ್ಚು, ಹುಳಿ ಕಡಿಮೆ. ಅದಕ್ಕೇ ಅತ್ತಿಗೆ ತುರಿದ ಹಣ್ಣಿಗೆ ಅರ್ಧ ನಿಂಬೆಹಣ್ಣು ಹಿಂಡಿದರು. ತುರಿ ಕಪ್ಪಾಗುವುದೂ ತಪ್ಪಿತು.

ಅವರು ಮಾಡಿದ ಬಗೆ ಹೀಗೆ. ಎರಡು ಬಟ್ಟಲು ಮೈದಾಹಿಟ್ಟಿಗೆ ಒಂದು ಚಹಾ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡಿಗೆ ಸೋಡಾ, ಒಂದು ಚಮಚ ಚಕ್ಕೆಪುಡಿ, ಜಾಯಿಕಾಯಿ ಚಿಟಿಕೆ, ಉಪ್ಪು ಚಿಟಿಕೆ ಸೇರಿಸಿ ಎರಡು ಸಲ ಜರಡಿ ಹಿಡಿದರು. ಬೇರೆ ಪಾತ್ರೆಯಲ್ಲಿ ಮುಕ್ಕಾಲು ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ವಾಸನೆಯಿಲ್ಲದ ಎಣ್ಣೆ, ಅರ್ಧ ಬಟ್ಟಲು ಗಟ್ಟಿ ಮೊಸರು, ಕಾಲು ಬಟ್ಟಲು ಹಾಲು ಹಾಕಿ ಸಕ್ಕರೆ ಕರಗುವವರೆಗೆ ಕಡೆದರು. ಅದಕ್ಕೆ ಒಂದು ಬಟ್ಟಲು ಸೇಬಿನ ತುರಿ. ಮತ್ತೊಂದು ಸೇಬನ್ನು ಕಡಲೆಕಾಳಿನಷ್ಟು ದಪ್ಪಕ್ಕೆ ಹೆಚ್ಚಿ, ಒಂದು ಚಮಚ ಮೈದಾದಲ್ಲಿ ಹೊರಳಿಸಿ ಇಡಬೇಕು. ಹಾಗೆ ಮಾಡಿದರೆ ಹೋಳು ತಳಕ್ಕಿಳಿಯುವುದಿಲ್ಲ. ಬೇಕಾದರೆ ಒಂದು ಹಿಡಿ ಅಕ್ರೋಟು. ಮೊಟ್ಟೆ ಇಲ್ಲ. ಗೋಧಿಹಿಟ್ಟು ಬಳಸುವವರು ಅರ್ಧಕ್ಕರ್ಧ ಬೆರೆಸಿ, ಎರಡು ದೊಡ್ಡ ಚಮಚ ಹಾಲು ಹೆಚ್ಚಿಗೆ ಹಾಕಿಕೊಳ್ಳಿ. ಗೋಧಿಹಿಟ್ಟು ನೀರು ಜಾಸ್ತಿ ಕುಡಿಯುತ್ತದೆ.

ಹಿಟ್ಟಿಗೆ ಮೊಸರಿನ ಮಿಶ್ರಣ ಸುರಿದ ಮೇಲೆ ನಾನು ಎಂದಿನಂತೆ ರಪರಪನೆ ತಿರುವತೊಡಗಿದೆ. ಅತ್ತಿಗೆ ಕೈ ಹಿಡಿದರು. "ಅಯ್ಯೋ, ಇಡ್ಲಿ ಹಿಟ್ಟಲ್ಲ ಕಣೇ! ಒಣ ಹಿಟ್ಟು ಕಾಣದಷ್ಟು ಬೆರೆತರೆ ಸಾಕು. ಹೆಚ್ಚು ನಾದಿದರೆ ಅಂಟು ಕಟ್ಟಿ ರಬ್ಬರಾಗತ್ತೆ." ಇನ್ನೊಂದು ವ್ಯತ್ಯಾಸವೂ ಇದೆ. ಇಡ್ಲಿ ಹಿಟ್ಟು ರಾತ್ರಿಯೆಲ್ಲ ಕೂತು ಉಬ್ಬುತ್ತದೆ. ಇಲ್ಲಿ ಮೊಸರಿನ ಹುಳಿ ಸೋಡಾಕ್ಕೆ ತಾಗಿದ ಗಳಿಗೆಯೇ ಗಾಳಿಗುಳ್ಳೆ ಏಳುತ್ತದೆ. ಕಲೆಸಿಟ್ಟು ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತರೆ ಗಾಳಿಯೆಲ್ಲ ಹೋಗಿ ಕಲ್ಲು ಬ್ರೆಡ್ಡಾಗುತ್ತದೆ. ಒಲೆ ಮೊದಲು ಕಾದಿರಬೇಕು, ಆಮೇಲೆ ಕಲೆಸಬೇಕು.

ಬೇಕಿಂಗ್ ಪೌಡರಿನ ಕಥೆಯೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ಅಂಗಡಿಯವ ಅದನ್ನು ತಯಾರಿಸಿದ್ದು ಹೆಂಡತಿಗಾಗಿ. ಆಕೆಗೆ ಬ್ರೆಡ್ಡು ಹುದುಗಿಸುವ ಯೀಸ್ಟು ಆಗುತ್ತಿರಲಿಲ್ಲ. ಮೊಟ್ಟೆಯೂ ಆಗದೆಂದು ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನು ಅದಕ್ಕೂ ಮೊದಲೇ ಮಾಡಿಕೊಟ್ಟಿದ್ದ. ಅತ್ತಿಗೆಗೆ ಇದನ್ನು ಹೇಳಿದರೆ, "ಅಂಥ ಗಂಡಂದಿರೂ ಇದ್ರಾ!" ಎಂದು ಒಳಕೋಣೆಯ ಕಡೆ ನೋಡಿ ನಕ್ಕರು.

ಓವನ್ ಅವರ ಮನೆಯಲ್ಲಿಲ್ಲ. ಹಳೆಯ ಐದು ಲೀಟರಿನ ಕುಕ್ಕರನ್ನು ಇದಕ್ಕೆಂದೇ ಇಟ್ಟಿದ್ದಾರೆ. ತಳಕ್ಕೆ ಒಂದೂವರೆ ಅಂಗುಲ ತೊಳೆದು ಒಣಗಿಸಿದ ಮರಳು, ಅದರ ಮೇಲೆ ಒಂದು ಸಿಂಬೆಯಂಥ ಸ್ಟ್ಯಾಂಡು. ಮರಳಿಲ್ಲದಿದ್ದರೆ ಪುಡಿ ಉಪ್ಪೂ ಆದೀತು. ಮುಚ್ಚಳದ ರಬ್ಬರು, ಮೇಲಿನ ತೂಕ ಎರಡನ್ನೂ ತೆಗೆದಿರಬೇಕು, ನೀರು ಒಂದು ತೊಟ್ಟೂ ಕೂಡದು. ಇದನ್ನು ಮರೆಯಬೇಡಿ. ಹತ್ತು ನಿಮಿಷ ಬರಿದೇ ಕಾಯಿಸಿ, ಎಣ್ಣೆ ಸವರಿ ಹಿಟ್ಟುದುರಿಸಿದ ಏಳು ಅಂಗುಲದ ದುಂಡು ಡಬ್ಬಿಯಲ್ಲಿ ಮುಕ್ಕಾಲು ಭಾಗ ಮೀರದಂತೆ ಹಿಟ್ಟು ಸುರಿದು ಒಳಗಿಟ್ಟರು. ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ. ಓವನ್ ಇರುವವರಿಗೆ 175 ಡಿಗ್ರಿಯಲ್ಲಿ ಐವತ್ತು ನಿಮಿಷ.

ಗಡಿಯಾರ ಆರೂ ಕಾಲು ತೋರಿಸುತ್ತಿತ್ತು. ಅತ್ತಿಗೆ ಕಿಟಕಿಯಾಚೆ ದೀಪದ ತಟ್ಟೆ ಹಿಡಿದು ಹೋಗುವವರನ್ನು ನೋಡುತ್ತ ನಿಂತಿದ್ದರು. "ಎಷ್ಟು ದಿನ ಆಯ್ತು ನೀವು ಗುಡಿಗೆ ಹೋಗಿ?" ಎಂದೆ. ಬೆರಳು ಮಡಿಸಿ ಎಣಿಸಿದರು. ಆಸ್ಪತ್ರೆ, ಔಷಧಿ ಅಂಗಡಿ ಬಿಟ್ಟರೆ ಎರಡು ತಿಂಗಳಿಂದ ಹೊಸಿಲು ದಾಟಿಲ್ಲ. ಮಗ ಪುಣೆಯಲ್ಲಿ, ಆಪರೇಷನ್ನಿಗೆ ಬಂದು ಹತ್ತು ದಿನ ಇದ್ದು ಹೋದ. ನೋಡಲು ಬಂದವರೆಲ್ಲ ರೋಗಿಯ ಪಕ್ಕ ಕೂರುತ್ತಾರೆ, ಕಾಫಿ ಕುಡಿಯುತ್ತಾರೆ, ಲೋಟ ಇಟ್ಟು ಹೋಗುತ್ತಾರೆ. ಆ ಲೋಟ ತೊಳೆಯುವವಳು ಊಟ ಮಾಡಿದಳೇ ಎಂದು ಕೇಳುವವರು ಯಾರು? ನಾನಾದರೂ ಅವರಿಗೆಂದು ಒಂದು ಮೊಳ ಹೂವು ತಂದಿರಲಿಲ್ಲ.

"ನೀವು ಹೋಗಿ ಬನ್ನಿ ಅತ್ತಿಗೆ, ಒಲೆ ನಾನು ನೋಡ್ಕೋತೀನಿ. ಅಣ್ಣನ್ನೂ ನೋಡ್ಕೋತೀನಿ."

ಮುಖ ತೊಳೆದು, ಸೀರೆ ಬದಲಿಸಿ, ಎರಡು ಹಣತೆ ಹಿಡಿದು ಹೊರಟವರು ಬಾಗಿಲಲ್ಲಿ ನಿಂತು, "ನಲವತ್ತೈದು ನಿಮಿಷಕ್ಕೆ ಮೊದಲು ಮುಚ್ಚಳ ತೆಗೀಬೇಡ, ಕೂತುಬಿಡತ್ತೆ" ಎಂದು ಹೇಳಿ ಹೋದರು.

ಅಣ್ಣನ ಹಾಸಿಗೆಯ ಹತ್ತಿರ ಕೂತೆ. ಚಕ್ಕೆಯ ವಾಸನೆ ಮನೆಯೆಲ್ಲ ತುಂಬುತ್ತಿತ್ತು. ಅವನೇ ಮಾತು ತೆಗೆದ. "ನಿನ್ನ ಮಗಳ ಮದುವೆ ದಿನ ನಾನು ಆಸ್ಪತ್ರೇಲಿದ್ದೆ. ಆಗ್ಲೇ ಮೊದಲ ಹುಣ್ಣು. ನಿನಗೆ ಹೇಳಕೂಡದು ಅಂತ ಅವಳ ಕೈಲಿ ಆಣೆ ಹಾಕಿಸಿಕೊಂಡಿದ್ದೆ. ಧಾರೆ ಹೊತ್ತಲ್ಲಿ ನೀನು ಅಳಬಾರದು ಅಂತ." ನನಗೆ ಬಾಯಿ ಬರಲಿಲ್ಲ. ಮೂರು ವರ್ಷ ಊರಿನವರ ಮುಂದೆಲ್ಲ ಆ ಹೆಂಗಸನ್ನು ಆಡಿಕೊಂಡಿದ್ದೆನಲ್ಲ!

ಆ ಗುಂಗಿನಲ್ಲಿ ಗಡಿಯಾರ ಮರೆತೆ. ಸೀದ ವಾಸನೆ ಬಂದಾಗಲೇ ಎದ್ದೋಡಿದ್ದು. ತೆಂಗಿನಗರಿಯ ಕಡ್ಡಿ ಚುಚ್ಚಿ ನೋಡಿದರೆ ಒಂದಿಷ್ಟೂ ಅಂಟದೆ ಬಂತು, ಬೆಂದಿತ್ತು. ತಳ ಮಾತ್ರ ಕಾಫಿಪುಡಿಯ ಬಣ್ಣ. ಅತ್ತಿಗೆ ಬಂದರು, ಹಣೆಯಲ್ಲಿ ವಿಭೂತಿ, ಮುಡಿಯಲ್ಲಿ ಸೇವಂತಿಗೆ. ಯಾರೋ ಗುಡಿಯಲ್ಲಿ ಕೊಟ್ಟರಂತೆ. ಒಂದೂವರೆ ಗಂಟೆ ಅಲ್ಲೇ ಕಂಬಕ್ಕೊರಗಿ ಕೂತಿದ್ದರಂತೆ. ಸೀದದ್ದನ್ನು ನೋಡಿ, "ಏನಾಯ್ತೀಗ, ತಳ ಕೆರೆದರಾಯ್ತು" ಎಂದರು. ಮದುವೆಯ ವಿಷಯ ನಾನೆತ್ತಿದಾಗಲೂ ಹೆಚ್ಚುಕಡಿಮೆ ಅದೇ ಧಾಟಿಯಲ್ಲೇ, "ಬಿಡು, ಹುಡುಗಿ ಚೆನ್ನಾಗಿದಾಳಲ್ಲ" ಎಂದು ಚಾಕು ತರಲು ಹೋದರು.

ಬಿಸಿಯಲ್ಲೇ ಕತ್ತರಿಸಿದರೆ ಪುಡಿಯಾಗುತ್ತದೆ. ಪೂರ್ತಿ ಆರಬೇಕು, ಮಾರನೆಯ ದಿನಕ್ಕೆ ಇನ್ನೂ ರುಚಿ. ನಾವು ಕಾಯಲಿಲ್ಲ. ಒಳಗಿನಿಂದ ಅಣ್ಣ, "ನಂಗೂ ಒಂದು ಚೂರು" ಎಂದು ಕೂಗಿದ. ಹಣ್ಣಿನ ಸಿಹಿ ತಾನೆ, ಏನಾಗದು ಎಂದು ಸಕ್ಕರೆ ಕಾಯಿಲೆಯವರಿಗೆ ಇದನ್ನು ಕೊಡಬೇಡಿ. ಸಕ್ಕರೆ ಬಿಟ್ಟರೂ ಮೈದಾ ಇದ್ದೇ ಇದೆ. ಅತ್ತಿಗೆ ಹಸಿ ಸೇಬಿನ ಎರಡು ಹೋಳಿನ ಮೇಲೆ ಚಕ್ಕೆಪುಡಿ ಉದುರಿಸಿ ಕೊಟ್ಟರು. ಅವನು ಮುಖ ಗಂಟಿಕ್ಕಿಕೊಂಡೇ ತಿಂದ.

ನಾಲ್ಕು ದಿನ ಇದ್ದೆ. ದಿನಾ ಬೆಳಿಗ್ಗೆ ಒಬ್ಬರು ಮನೆಯಲ್ಲಿ, ಒಬ್ಬರು ಹೊರಗೆ ಎಂದು ಮಾಡಿಕೊಂಡೆವು. ಒಂದು ಬೆಳಿಗ್ಗೆ ನಾನೂ ನನ್ನೇಶ್ವರನ ಗುಡಿಗೆ ಹೋಗಿ, ಅತ್ತಿಗೆ ಹೇಳಿದ ಕಂಬ ಇದೇ ಇರಬೇಕೆಂದು ಒಂದಕ್ಕೆ ಒರಗಿ ಕೂತೆ. ಕಲ್ಲು ತಣ್ಣಗಿತ್ತು. ಇಷ್ಟು ಹತ್ತಿರದಲ್ಲಿ ಮೇಲ್ಸೇತುವೆಯ ಲಾರಿಗಳ ಸದ್ದು ಇದೆಯೆಂಬುದು ಸ್ವಲ್ಪ ಹೊತ್ತಿಗೆ ಮರೆತೇಹೋಯಿತು.

ಹೊರಡುವ ದಿನ ಅತ್ತಿಗೆ ಮತ್ತೊಂದು ಬ್ರೆಡ್ಡು ಮಾಡಿ ಡಬ್ಬಿಗೆ ತುಂಬಿ ಕೊಟ್ಟರು. ಹೊರಗಿಟ್ಟರೆ ಎರಡು ದಿನ, ಫ್ರಿಜ್ಜಿನಲ್ಲಿ ನಾಲ್ಕೈದು ದಿನ ತಡೆಯುತ್ತದೆ ಎಂದರು. ಊರಿಗೆ ಬಂದು ಡಬ್ಬಿ ತೆಗೆದು, "ತಗೊಳ್ಳಿ ಅತ್ತೆ, ಸೇಬಿನ ಬ್ರೆಡ್ಡು" ಎಂದೆ. ನಮ್ಮತ್ತೆ ಕನ್ನಡಕ ಏರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ಸೇಬೂ ಬ್ರೆಡ್ಡೂ ಎರಡೂನಾ! ಯಾರಿಗಮ್ಮಾ ಅಷ್ಟೊಂದು ಹುಷಾರಿಲ್ಲ?"