ತವರಿಗೆ 38 ಕಿಲೋಮೀಟರು

ಕೆಂಪು ಬಾಳೆಹಣ್ಣು ತಿಂದಿದ್ದೀರಾ? ಸಿಪ್ಪೆ ಕೆಂಪು, ಒಳಗೆ ಕೆನೆಬಣ್ಣ, ಒಂದು ಹಣ್ಣು ತಿಂದರೆ ಮಧ್ಯಾಹ್ನದ ಹಸಿವೇ ಅಡಗುವಂಥದು. ತಿಂದಿಲ್ಲವಾದರೆ ಒಮ್ಮೆ ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಬನ್ನಿ. ಸುಮಾರು 38 ಕಿಲೋಮೀಟರು ಬಂದರೆ ಕಮಲಾಪುರ. ಈ ಹಣ್ಣು ಅಲ್ಲಿಯದೇ ಎಂದು ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಬೇರೆ ಬಾಳೆ ವರ್ಷದ ಸುಮಾರಿಗೆ ಗೊನೆ ಕೊಟ್ಟರೆ ಇದು ಒಂದೂವರೆ ವರ್ಷದವರೆಗೂ ಕಾಯಿಸುತ್ತದೆ. ಹೀಗಾಗಿ ಬೆಳೆಯುವವರು ಕಡಿಮೆ, ಬೆಲೆ ಹೆಚ್ಚು.

ಕಮಲಾಪುರ ನನ್ನ ತವರು. ಮದುವೆಯಾಗಿ ಕಲಬುರಗಿಗೆ ಬಂದ ಮೇಲೆ ಈ 38 ಕಿಲೋಮೀಟರನ್ನು ನಾನು ದೂರವೆಂದು ಎಣಿಸಿದ್ದೇ ಇಲ್ಲ. ಬಸ್ಸು ಹತ್ತಿದರೆ ಒಂದು ತಾಸಿನ ಆಸುಪಾಸು. ಅದು ಎಷ್ಟು ದೂರವೆಂದು ತಿಳಿದದ್ದು 2020ರ ಮಾರ್ಚಿನಲ್ಲಿ.

ನಿಮಗೂ ನೆನಪಿರಬೇಕು. ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರಗಿಯವರದ್ದೇ. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು, ಬಸ್ಸು ನಿಂತವು. ಅಣ್ಣ ಪುಣೆಯಲ್ಲಿ, ಅವ್ವ ಕಮಲಾಪುರದಲ್ಲಿ ಒಬ್ಬಳೇ. ಏಪ್ರಿಲಿನಲ್ಲಿ ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದಳು. ಫೋನು ಮಾಡಿದವರು ಪಕ್ಕದ ಮನೆಯವರು. ನಮ್ಮವರು ಸ್ಕೂಟರ್ ತೆಗೆದರು. ಊರು ದಾಟುವ ಮೊದಲೇ ತಡೆದು ಹಿಂದಕ್ಕೆ ಕಳಿಸಿದರು. ದೇವರ ದಯೆ, ಕಾಲು ಉಳುಕಿತ್ತಷ್ಟೆ. ಪಕ್ಕದವರೇ ಎಣ್ಣೆ ತಿಕ್ಕಿ, ಗಂಜಿ ಕಾಸಿ ನೋಡಿಕೊಂಡರು. ಆದರೆ ಆ ಹತ್ತು ದಿನ ನಾನು ಒಲೆಯ ಮುಂದೆ ನಿಂತು ಒಂದೇ ಮಾತು ಯೋಚಿಸುತ್ತಿದ್ದೆ: ಯಾರೋ ಕರೆದುಕೊಂಡು ಹೋಗದಿದ್ದರೆ ಅವ್ವನ ಹತ್ತಿರ ಹೋಗುವ ಒಂದು ದಾರಿಯೂ ನನಗೆ ಇಲ್ಲವಲ್ಲ! ಸೈಕಲ್ ಇದ್ದರೂ ಆಗ ಬಿಡುತ್ತಿರಲಿಲ್ಲ ಬಿಡಿ, ಅದು ನನಗೂ ಗೊತ್ತು. ಆದರೂ ಮನಸ್ಸಿಗೆ ಲೆಕ್ಕ ಬೇರೆ.

ಮಳೆಗಾಲದಲ್ಲಿ ಮಗ ಬೆಂಗಳೂರಿನಿಂದ ಮನೆಗೆ ಬಂದ, ಮನೆಯಿಂದಲೇ ಕೆಲಸ. ಜೊತೆಗೆ ಒಂದು ಸೈಕಲ್. ನೋಡಿದರೆ ಬಡಕಲು, ಮಡ್‌ಗಾರ್ಡಿಲ್ಲ, ಗೇರಿಲ್ಲ. ಅದರ ಹೆಸರು ‘ಫಿಕ್ಸಿ’ಯಂತೆ. ನಮ್ಮ ನಿಮ್ಮ ಸೈಕಲಿನಲ್ಲಿ ಕಾಲು ನಿಲ್ಲಿಸಿದರೂ ಗಾಲಿ ಟಿಕ್ ಟಿಕ್ ಎಂದು ತಾನೇ ಓಡುತ್ತದಲ್ಲ, ಅದು ಫ್ರೀವೀಲಿನ ಕೆಲಸ. ಇದರಲ್ಲಿ ಆ ಫ್ರೀವೀಲೇ ಇಲ್ಲ. ಗಾಲಿ ತಿರುಗುವವರೆಗೆ ಪೆಡಲೂ ತಿರುಗಬೇಕು. ಕಾಲು ತುಳಿಯುವ ಹೊಲಿಗೆ ಮಷಿನ್ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಕ್ರ ಜೋರಾಗಿ ತಿರುಗುತ್ತಿದ್ದರೆ ಕೆಳಗಿನ ತುಳಿಮಣೆ ನಿಮ್ಮ ಪಾದವನ್ನೇ ಎತ್ತಿ ಇಳಿಸುತ್ತದೆ. ನಿಲ್ಲಿಸಬೇಕಾದರೆ ಕಾಲಲ್ಲೇ ಮೆಲ್ಲಗೆ ಹಿಡಿಯುತ್ತೀರಿ. ಹಾಗೆಯೇ ಇದು. 1885ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಈಗಿನ ರೂಪದ ಸೈಕಲ್ ಬಂದಾಗ ಹೀಗೇ ಇತ್ತಂತೆ, ಫ್ರೀವೀಲ್ ಆಮೇಲಿನ ಸೌಕರ್ಯ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಟ್ರ್ಯಾಕಿನಲ್ಲಿ ಪಂದ್ಯ ಓಡಿಸುವುದೂ ಇಂಥದ್ದನ್ನೇ. ಅದಕ್ಕೆ ಬ್ರೇಕೂ ಇರುವುದಿಲ್ಲ.

‘ನನಗೂ ಕಲಿಸೋ’ ಎಂದೆ. ಅವನು ನಕ್ಕ. ಅವನ ಸೈಕಲ್ಲು ನನ್ನ ಎತ್ತರಕ್ಕೆ ಆಗುವಂತಿರಲಿಲ್ಲ, ನಡುವೆ ಅಡ್ಡ ದಂಡೆ ಬೇರೆ. ಆಗ ನೆನಪಾದದ್ದು ಅಣ್ಣನ ಮಗಳ ಸೈಕಲ್. ಎಂಟನೇ ತರಗತಿಯ ಮಕ್ಕಳಿಗೆ ಸರಕಾರ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಗಿತ್ತಲ್ಲ, ಅವಳಿಗೂ ಒಂದು ಸಿಕ್ಕಿತ್ತು. ಅವಳು ಓದು ಮುಗಿಸಿ ಪುಣೆಗೆ ಹೋದಮೇಲೆ ಅದು ಕಮಲಾಪುರದ ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿತ್ತು, ಅದರ ಮೇಲೆ ಅವ್ವ ಕುಂಬಳ ಬಳ್ಳಿ ಹಬ್ಬಿಸಿದ್ದಳು! ಬಳ್ಳಿ ಬಿಡಿಸಿ ಟಂಟಂನಲ್ಲಿ ಹೇರಿಸಿ ತರಿಸಿದೆವು.

ಎರಡು ವಾರ ನಮ್ಮ ಪಡಸಾಲೆ ಸೈಕಲ್ ಅಂಗಡಿಯೇ ಆಯಿತು. ಸೀಮೆಎಣ್ಣೆ ಸಿಗದೆ ಡೀಸೆಲ್‌ನಲ್ಲಿ ಚೈನು ನೆನೆಹಾಕಿದೆವು. ಪಾನಾ, ಸ್ಕ್ರೂಡ್ರೈವರು ಎಲ್ಲ ನನ್ನ ರೊಟ್ಟಿ ಬುಟ್ಟಿಯ ಪಕ್ಕದಲ್ಲಿ. ಮಗ ಫ್ರೀವೀಲ್ ಬಿಚ್ಚಿ ಆ ಜಾಗದಲ್ಲಿ ಬರೀ ಹಲ್ಲಿನ ಚಕ್ರ ಕೂಡಿಸಿ, ಮೇಲೊಂದು ಬಿಗಿಯುವ ಬಳೆ ಹಾಕಿದ. ಮುಂದೆ 44 ಹಲ್ಲು, ಹಿಂದೆ 18. ನಾನು ಒಂದೇ ಹಟ ಹಿಡಿದೆ: ಮುಂದಿನ ಗಾಲಿಗೆ ಬ್ರೇಕು ಇರಲೇಬೇಕು. ‘ಅವ್ವಾ, ಫಿಕ್ಸಿಗೆ ಬ್ರೇಕ್ ಹಾಕಿದ್ರ ಅದರ ಚೆಂದನೇ ಹೋಗ್ತದ’ ಅಂದ. ಚೆಂದ ಹೋಗಲಿ, ಹಲ್ಲು ಉಳಿಯಲಿ ಅಂದೆ.

ಕಲಿಯುವಾಗ ಬಿದ್ದದ್ದನ್ನು ಎಷ್ಟೆಂದು ಹೇಳಲಿ! ಅಭ್ಯಾಸಬಲದಿಂದ ಕಾಲು ನಿಲ್ಲಿಸಿದೊಡನೆ ಸೈಕಲ್ಲು ಎಮ್ಮೆ ಒದ್ದಂತೆ ಒದೆಯುತ್ತದೆ. ಅಂತೂ ಒಂದು ತಿಂಗಳಿಗೆ ಕಾಲಿಗೆ ಬುದ್ಧಿ ಬಂತು. ಆದರೆ ಒಂದು ದಿನ ರೈಲ್ವೆ ಮೇಲ್ಸೇತುವೆ ಇಳಿಯುವಾಗ ವೇಗ ತಗ್ಗಿಸಲೆಂದು ಪೆಡಲನ್ನು ಹಿಂದಕ್ಕೆ ಒತ್ತಿದೆ. ಕಟ್ ಎಂದಿತು. ಪೆಡಲು ಹಗುರವಾಗಿ ಹಿಂದಕ್ಕೆ ತಿರುಗಿತು, ಗಾಲಿ ಮಾತ್ರ ಓಡುತ್ತಲೇ ಇತ್ತು. ಎದುರಿಗೆ ಕಬ್ಬಿನ ಲಾರಿ. ಆ ಮುಂದಿನ ಬ್ರೇಕು ಇರದಿದ್ದರೆ ಈ ಲೇಖನ ನೀವು ಓದುತ್ತಿರಲಿಲ್ಲ.

ಆದದ್ದೇನು ಗೊತ್ತೇ? ಹಲ್ಲಿನ ಚಕ್ರ ಮುಂದಕ್ಕೆ ತುಳಿದಷ್ಟೂ ಬಿಗಿಯಾಗುವ ಮರೆಯ ಮೇಲೆ ಕೂತಿತ್ತು. ಹಿಂದಕ್ಕೆ ಒತ್ತಿದರೆ ಸಡಿಲಾಗುತ್ತದೆ. ಮೇಲಿನ ಬಳೆಯ ಮರೆಯೂ ಅದೇ ದಿಕ್ಕಿನದಾದ್ದರಿಂದ ಅದೂ ಜೊತೆಗೆ ಬಿಚ್ಚಿಕೊಂಡಿತು. ಫಿಕ್ಸಿಗೆಂದೇ ಮಾಡಿದ ಹಬ್ಬಿನಲ್ಲಿ ಆ ಬಳೆಗೆ ಉಲ್ಟಾ ಮರೆ ಇರುತ್ತದೆ. ನಿಮ್ಮ ಮಿಕ್ಸಿ ಜಾರಿನ ಬುಡದ ಕಪ್ಲರ್ ಬಿಚ್ಚಿ ನೋಡಿದ್ದರೆ ತಿಳಿಯುತ್ತದೆ, ಎಲ್ಲ ಮುಚ್ಚಳ ತಿರುಗುವ ಕಡೆಗೆ ಅದು ತಿರುಗುವುದಿಲ್ಲ. ಸೈಕಲ್ಲಿನ ಎಡ ಪೆಡಲೂ ಹಾಗೆಯೇ. ಮಗನ ಮುಖ ಬಿಳಿಚಿಹೋಗಿತ್ತು. ಮರುದಿನವೇ ಸರಿಯಾದ ಹಬ್ ತರಿಸಿದ. ಹಳೆಯ ರಿಮ್ಮಿಗೆ 40 ತೂತು, ಹೊಸ ಹಬ್ಬಿಗೆ 36. ಹೀಗಾಗಿ ರಿಮ್ಮೂ ಹೊಸದಾಯಿತು. ಅವನು ಕಡ್ಡಿ ಹೆಣೆದ, ನಾನು ಅವರೆಕಾಯಿ ಸುಲಿಯುತ್ತ ಎಣಿಸಿಕೊಟ್ಟೆ. ಚೈನನ್ನು ನಡುವಿನಲ್ಲಿ ಒತ್ತಿದರೆ ಅರ್ಧ ಇಂಚು ಆಡಬೇಕು. ಹೆಚ್ಚು ಸಡಿಲಾದರೆ ಕಳಚುತ್ತದೆ, ಬಿಗಿಯಾದರೆ ಕೊರಗುಟ್ಟುತ್ತದೆ. ಈಗ ಇದನ್ನು ನಾನೇ ನೋಡಿಕೊಳ್ಳುತ್ತೇನೆ, ಹಿಂದಿನ ಎರಡು ನಟ್ಟು ಸಡಿಲಿಸಿ ಗಾಲಿ ಎಳೆದು ಕೂಡಿಸಿದರೆ ಆಯಿತು.

ಸೂಪರ್ ಮಾರ್ಕೆಟ್ಟಿಗೆ, ಶರಣಬಸವೇಶ್ವರ ಗುಡಿಗೆ, ಗ್ಯಾಸಿನ ಕಚೇರಿಗೆ ಈಗ ಅದರ ಮೇಲೆಯೇ. ‘ಅಕ್ಕಾರ, ಸ್ಕೂಟಿ ತಗೋಬಾರದೇನ್ರಿ?’ ಎಂದು ಕಾಯಿಪಲ್ಯದವಳು ಕೇಳುತ್ತಾಳೆ. ಓಣಿಯಲ್ಲಿ ಕೆಲವರು ಬೆನ್ನ ಹಿಂದೆ ನಗುತ್ತಾರೆ, ನಗಲಿ. ನೀವು ಯಾರಾದರೂ ಪ್ರಯತ್ನ ಮಾಡುವುದಾದರೆ ಒಂದು ಮಾತು. ಸೀರೆಯಲ್ಲಿ ಬೇಡ, ಓಢಣಿಯೂ ಬೇಡ. ಸಾಧಾರಣ ಸೈಕಲ್ಲಿನಲ್ಲಿ ಸೆರಗು ಚೈನಿಗೆ ಸಿಕ್ಕರೆ ಕಾಲು ನಿಲ್ಲಿಸಬಹುದು. ಇದು ನಿಲ್ಲುವುದಿಲ್ಲ, ಒಳಕ್ಕೆ ಎಳೆಯುತ್ತಲೇ ಹೋಗುತ್ತದೆ. ಚೂಡಿದಾರದ ಬಲಗಾಲಿಗೆ ನಾನು ಒಂದು ರಬ್ಬರ್ ಬ್ಯಾಂಡು ಹಾಕುತ್ತೇನೆ. ಹೊಸದಾಗಿ ಕಲಿಯುವವರಿಗೆ ಫ್ರೀವೀಲ್ ಇರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ, ಮಗ ಏನೇ ಹೇಳಲಿ.

ಮರುವರ್ಷದ ಎಳ್ಳಮಾವಾಸ್ಯೆಯ ಹಿಂದಿನ ದಿನ ಬೆಳಗ್ಗೆ ಐದೂವರೆಗೆ ತಾಯಿ ಮಗ ಹೊರಟೆವು. ನಮ್ಮ ಕಡೆ ಬೇಸಿಗೆಯಲ್ಲಿ ಇಂಥ ಸಾಹಸ ಮಾಡಬಾರದು, ಬಿಸಿಲು 42 ಡಿಗ್ರಿ ದಾಟುತ್ತದೆ. ಆ ದಿನ ಕಿವಿಗೆ ಟವೆಲು ಸುತ್ತಿಕೊಳ್ಳುವಷ್ಟು ಥಂಡಿ. ಹುಮನಾಬಾದ್ ರಿಂಗ್ ರಸ್ತೆ ದಾಟಿದೊಡನೆ ಎರಡೂ ಕಡೆ ಎರೆಹೊಲ. ಕಾಯಿಗಟ್ಟಿದ ತೊಗರಿ, ಅದರಾಚೆ ಜೋಳ. ಬಸ್ಸಿನಲ್ಲಿ ನೂರು ಸಲ ಹೋದ ದಾರಿ, ಆದರೆ ತೊಗರಿ ಹೊಲಕ್ಕೆ ನಸುಕಿನಲ್ಲಿ ಒಂದು ವಾಸನೆ ಇರುತ್ತದೆಂದು ಆ ದಿನವೇ ಗೊತ್ತಾದದ್ದು. ಪೆಡಲು ಒಂದು ಸುತ್ತಿಗೆ ಸುಮಾರು ಐದು ಮೀಟರು. ತವರಿಗೆ ಏಳೂವರೆ ಸಾವಿರ ಸುತ್ತು. ಒಂದೂ ಪುಕ್ಕಟೆ ಇಲ್ಲ.

ಕುರಿಕೋಟಾದ ಹತ್ತಿರ ಬೆಣ್ಣೆತೊರೆ ಹೊಳೆಗೆ ರಸ್ತೆ ಇಳಿಯುತ್ತದೆ. ಮೇಲ್ಸೇತುವೆಯ ಆ ಕಟ್ ಸದ್ದು ನೆನಪಾಗಿ ಎದೆ ಹಾರಿತು. ಬೆರಳು ಬ್ರೇಕಿನ ಮೇಲೇ ಇಟ್ಟು ಕಾಲಲ್ಲಿ ಹಿಡಿಯುತ್ತ, ಹಿಡಿಯುತ್ತ ಇಳಿದೆ. ಬಳೆ ಅಲುಗಲಿಲ್ಲ. ಸೇತುವೆಯ ಮೇಲೆ ನಿಂತು ನೀರು ನೋಡುತ್ತ ತಂದಿದ್ದ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಮಹಾಗಾಂವ್ ಕ್ರಾಸಿನಲ್ಲಿ ಚಹಾ. ಅಲ್ಲಿಂದ ಮುಂದೆ ಜಾಲಿ ಮುಳ್ಳಿಗೆ ಮಗನ ಗಾಲಿ ಪಂಕ್ಚರ್. ಟ್ಯೂಬು ತೆಗೆದು ತೇಪೆ ಹಾಕಿದ್ದು ನಾನು! ನಿಂತು ನೋಡಿದ ಇಬ್ಬರು ಮುದುಕರು ಮಗನನ್ನು ‘ನೀ ಏನು ಮಾಡ್ತಿ ತಮ್ಮಾ?’ ಎಂದು ಕೇಳಿದರು.

ಒಂಬತ್ತೂವರೆಗೆ ಕಮಲಾಪುರ. ಅವ್ವ ಅಂಗಳದಲ್ಲಿ ಕೂತು ಭಜ್ಜಿಗೆ ಹಸಿ ತೊಗರಿಕಾಳು ಬಿಡಿಸುತ್ತಿದ್ದಳು. (ಈ ಭಜ್ಜಿ ಎಣ್ಣೆಯಲ್ಲಿ ಕರಿಯುವುದಲ್ಲ. ಹಸಿ ತೊಗರಿ, ಅವರೆ, ಕಡಲೆ, ಬಟಾಣಿ, ಸಿಕ್ಕ ಸೊಪ್ಪೆಲ್ಲ ಬೇಯಿಸಿ, ಮಜ್ಜಿಗೆಯಲ್ಲಿ ಕಲಸಿದ ಕಡಲೆಹಿಟ್ಟು ಬಿಟ್ಟು ಕುದಿಸಿ, ಬೆಳ್ಳುಳ್ಳಿ ಹಸಿಮೆಣಸಿನಕಾಯಿ ಒಗ್ಗರಣೆ ಕೊಡುವುದು. ಸಜ್ಜೆ ರೊಟ್ಟಿಯ ಜೊತೆ ಬಲು ರುಚಿ.) ನನ್ನನ್ನು ನೋಡಿದಳು, ಸೈಕಲ್ಲನ್ನು ನೋಡಿದಳು.

‘ಬಸ್ಸು ಬಂದ್ ಅವ ಏನ ಯವ್ವಾ?’

‘ಇಲ್ಲ ಬೇ, ಅವ. ನಾನೇ ಹಿಂಗ ಬಂದೆ.’

ಅವ್ವ ಎದ್ದು ಬಂದು, ಆ ಉಳುಕಿದ ಕಾಲನ್ನು ಇನ್ನೂ ಸ್ವಲ್ಪ ಎಳೆದುಕೊಂಡೇ, ನನ್ನ ಬೆವೆತ ಮುಖವನ್ನು ಸೆರಗಿನಿಂದ ಒರೆಸಿದಳು. ಏನೂ ಮಾತಾಡಲಿಲ್ಲ. ಆಮೇಲೆ ಬಗ್ಗಿ ಹಿಂದಿನ ಕ್ಯಾರಿಯರನ್ನು ಒತ್ತಿ ನೋಡಿದಳು.

‘ನಾಳಿ ಹೊಲಕ್ಕ ಚರಗ ಚೆಲ್ಲಾಕ ಹೋಗೂದದ. ಇದರ ಮ್ಯಾಲ ಭಜ್ಜಿ ಗಡಿಗಿ ನಿಂದರ್ತದೇನ?’

ನಿಂತಿತು. ಸಣ್ಣ ಹಗ್ಗದಲ್ಲಿ ಎರಡು ಸುತ್ತು ಬಿಗಿದು, ನಾನು ಸೈಕಲ್ ನೂಕಿಕೊಂಡು ಹೋದೆ. ಗಡಿಗೆಯ ಮೇಲೆ ಕೈಯಿಟ್ಟು ಅವ್ವ ಪಕ್ಕದಲ್ಲಿ ನಡೆದು ಬಂದಳು.